ಸಂಬಳವಿಲ್ಲದ ಸೇನಾ ಪಾದ್ರಿ

1864ರ ನವೆಂಬರ್ 10. ಅಬ್ರಹಾಂ ಲಿಂಕನ್ ಎರಡನೇ ಬಾರಿ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾಗಿ ಎರಡು ದಿನವಷ್ಟೇ ಆಗಿತ್ತು. ಅಂದು ಅವರು ಯುದ್ಧ ಮಂತ್ರಿ ಎಡ್ವಿನ್ ಸ್ಟ್ಯಾಂಟನ್ ಅವರಿಗೆ ಒಂದು ಚೀಟಿ ಬರೆದರು. ಈಕೆ ಹೆಂಗಸು ಎಂಬುದೊಂದನ್ನು ಬಿಟ್ಟರೆ ವಿಸ್ಕಾನ್ಸಿನ್‌ನ ಮೊದಲನೆಯ ಭಾರಿ ಫಿರಂಗಿ ದಳದ ಪಾದ್ರಿಯಾಗಲು ಬೇರೆ ಅಡ್ಡಿ ಇಲ್ಲ; ಕಾನೂನಿನಂತೆ ಇದು ಅಧ್ಯಕ್ಷರಿಗೆ ಸಂಬಂಧಿಸಿದ ವಿಷಯವಲ್ಲ, ಆದರೂ ತಮ್ಮ ಆಕ್ಷೇಪವೇನೂ ಇಲ್ಲ ಎಂಬುದು ಅದರ ಸಾರಾಂಶ. ಹೌದೆನ್ನದೆ, ಇಲ್ಲವೆನ್ನದೆ ಕಡತವನ್ನು ಪಕ್ಕದ ಮೇಜಿಗೆ ದಾಟಿಸುವ ಕಲೆ ಲಿಂಕನ್ನರಿಗೂ ಗೊತ್ತಿತ್ತು!

ಆ ಮಹಿಳೆ ಎಲ್ಲಾ ಗಿಬ್ಸನ್ ಹೋಬಾರ್ಟ್. 1821ರಲ್ಲಿ ಮ್ಯಾಸಚೂಸೆಟ್ಸ್‌ನ ವಿಂಚೆಂಡನ್‌ನಲ್ಲಿ ಜನಿಸಿದ ಆಕೆ ಮೊದಲು ಶಾಲಾ ಶಿಕ್ಷಕಿ, ಆಮೇಲೆ ಊರೂರು ಸುತ್ತುವ ಉಪನ್ಯಾಸಕಿ. ಸತ್ತವರ ಆತ್ಮಗಳೊಡನೆ ಮಾತನಾಡಬಹುದೆಂದು ನಂಬಿದ್ದ 'ಆತ್ಮವಾದಿ' ಪಂಥಕ್ಕೆ ಸೇರಿದವರು. ಇಂದು ಇದು ವಿಚಿತ್ರವೆನಿಸಬಹುದು. ಆದರೆ 6 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಬಲಿ ತೆಗೆದುಕೊಂಡ ಅಂತರ್ಯುದ್ಧದ ಕಾಲದಲ್ಲಿ, ಮಗನ ಹೆಣವನ್ನೂ ಕಾಣದ ತಾಯಂದಿರಿಗೆ ಆ ನಂಬಿಕೆ ದೊಡ್ಡ ಆಸರೆಯಾಗಿತ್ತು. ಮತ್ತೊಂದು ಸಂಗತಿಯೂ ಉಂಟು: ಬಹುತೇಕ ಚರ್ಚುಗಳು ಹೆಂಗಸರನ್ನು ವೇದಿಕೆಯಿಂದ ದೂರವಿಟ್ಟಿದ್ದಾಗ ಆತ್ಮವಾದಿಗಳು ಅವರಿಗೆ ಮಾತನಾಡಲು ಅವಕಾಶ ಕೊಟ್ಟಿದ್ದರು.

ಸೈನಿಕನಿಗೆ ಬಂದೂಕಿನ ಜೊತೆ ದೇವರೂ ಬೇಕು ಎಂಬುದು ಹಲವು ದೇಶಗಳ ಸೇನೆಗಳು ಒಪ್ಪಿದ ಮಾತು. ನಮ್ಮ ಭೂಸೇನೆಯಲ್ಲೂ ಪಂಡಿತರು, ಗ್ರಂಥಿಗಳು, ಮೌಲ್ವಿಗಳು, ಪಾದ್ರಿಗಳು ಇದ್ದಾರೆ. ಅಂದಿನ ಅಮೆರಿಕದಲ್ಲಿ ದಳದ ಅಧಿಕಾರಿಗಳೇ ತಮ್ಮ ಪಾದ್ರಿಯನ್ನು ಆರಿಸಿಕೊಳ್ಳುತ್ತಿದ್ದರು. ಪ್ರಾರ್ಥನೆ ನಡೆಸುವುದಲ್ಲದೆ ಸತ್ತವರನ್ನು ಮಣ್ಣು ಮಾಡುವುದು, ಆಸ್ಪತ್ರೆಯಲ್ಲಿ ಮಲಗಿದವರ ಪರವಾಗಿ ಮನೆಗೆ ಕಾಗದ ಬರೆಯುವುದೂ ಆತನ ಪಾಲಿನ ಕೆಲಸ. 1862ರ ಕಾನೂನಿನಂತೆ ತಿಂಗಳಿಗೆ 100 ಡಾಲರ್ ಸಂಬಳ. ಪಾದ್ರಿ ಕ್ರೈಸ್ತನೇ ಆಗಿರಬೇಕೆಂಬ ನಿಯಮವನ್ನು ಯಹೂದಿಗಳ ಪ್ರತಿಭಟನೆಯ ನಂತರ ಅದೇ ವರ್ಷ ಸಡಿಲಿಸಲಾಗಿತ್ತು. ಧರ್ಮದ ಗೋಡೆ ಬಿತ್ತು, ಲಿಂಗದ ಗೋಡೆ ಉಳಿಯಿತು.

ಎಲ್ಲಾ ಅವರ ಪತಿ ಜಾನ್ ಹೋಬಾರ್ಟ್ ವಿಸ್ಕಾನ್ಸಿನ್‌ನ ಎಂಟನೇ ಪದಾತಿ ದಳದ ಪಾದ್ರಿಯಾಗಿದ್ದರು. ಯುದ್ಧದ ಮೊದಲ ವರ್ಷಗಳಲ್ಲಿ ಆಕೆ ಸೈನಿಕರಿಗಾಗಿ ನೆರವು ಸಂಗ್ರಹಿಸುವ ಮಹಿಳಾ ಸಂಘಗಳಲ್ಲಿ ದುಡಿದರು. 1864ರಲ್ಲಿ ಇಲಿನಾಯ್‌ನ ಒಂದು ಧಾರ್ಮಿಕ ಸಂಸ್ಥೆಯಿಂದ ದೀಕ್ಷೆ ಪಡೆದರು. ಅದೇ ನವೆಂಬರ್‌ನಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಬಳಿ ಫೋರ್ಟ್ ಲಯನ್‌ನಲ್ಲಿದ್ದ ಫಿರಂಗಿ ದಳ ಆಕೆಯನ್ನು ತನ್ನ ಪಾದ್ರಿಯಾಗಿ ಆರಿಸಿತು.

ಸ್ಟ್ಯಾಂಟನ್ ಒಪ್ಪಲಿಲ್ಲ. ಒಬ್ಬಾಕೆಗೆ ಕೊಟ್ಟರೆ ಅದೇ ಮೇಲ್ಪಂಕ್ತಿಯಾಗುತ್ತದೆಂಬ ಅಂಜಿಕೆ ಅವರದು. ಆಕೆ ಮಾತ್ರ ಶಿಬಿರ ಬಿಟ್ಟು ಹೋಗಲಿಲ್ಲ. ಯುದ್ಧ ಮುಗಿದು 1865ರಲ್ಲಿ ದಳ ವಿಸರ್ಜನೆಯಾಗುವವರೆಗೂ ನೇಮಕ ಪತ್ರವಿಲ್ಲದೆ, ಸಂಬಳವಿಲ್ಲದೆ ಸೇವೆ ಮುಂದುವರಿಸಿದರು. ಆಕೆ ಪಾದ್ರಿಯೇ ಅಲ್ಲ ಎಂದು ವಾಷಿಂಗ್ಟನ್ ಕಚೇರಿ ಹೇಳುತ್ತಿತ್ತು. ಫಿರಂಗಿ ದಳದವರು ಆಕೆಯ ಪ್ರಾರ್ಥನೆಗೆ ತಲೆಬಾಗುತ್ತಿದ್ದರು.

ಬಾಕಿ ಸಂಬಳ ಕೊಡಬೇಕೆಂದು ಅಮೆರಿಕದ ಸಂಸತ್ತು ಒಪ್ಪಿದ್ದು 1869ರಲ್ಲಿ. ಹಣ ಕೈಗೆ ಬಂದದ್ದು 1876ರಲ್ಲಿ. ಅಷ್ಟರಲ್ಲಿ ಪತಿಯಿಂದ ವಿಚ್ಛೇದನವಾಗಿತ್ತು, ಶಿಬಿರದಲ್ಲಿ ಅಂಟಿದ ಮಲೇರಿಯಾ ಆರೋಗ್ಯವನ್ನು ಕೆಡಿಸಿತ್ತು.

ಆಕೆಯ ನಂಬಿಕೆಯೂ ಮೊದಲಿನಂತೆ ಉಳಿಯಲಿಲ್ಲ. ಸಾಯುವವರ ಪಕ್ಕದಲ್ಲಿ ಕುಳಿತು ಪ್ರಾರ್ಥಿಸಿದ್ದ ಈಕೆ ಬೈಬಲ್ಲಿನಲ್ಲಿ ಹೆಣ್ಣನ್ನು ಚಿತ್ರಿಸಿದ ರೀತಿಯನ್ನು ಖಂಡಿಸಿ ಪುಸ್ತಕ ಬರೆದರು, ವಿಚಾರವಾದಿ ಪತ್ರಿಕೆಗಳ ಲೇಖಕಿಯಾದರು. ಕಚೇರಿ ಮಾಡಿದ ಅನ್ಯಾಯಕ್ಕೂ ಈ ತಿರುವಿಗೂ ನೇರ ಗಂಟು ಹಾಕುವುದು ಅವಸರವಾದೀತು. ಬಾಗಿಲಾಚೆ ನಿಂತವರು ಬಾಗಿಲನ್ನೇ ಪ್ರಶ್ನಿಸುವುದು ಮಾತ್ರ ಸಹಜ.

ಎಲ್ಲಾ 1901ರಲ್ಲಿ ತೀರಿಕೊಂಡರು. ಅಮೆರಿಕದ ನೌಕಾದಳ 1973ರಲ್ಲಿ ಡಯಾನಾ ಪೋಲ್‌ಮನ್ ಅವರನ್ನು ಪಾದ್ರಿಯಾಗಿ ನೇಮಿಸಿತು. ಮರುವರ್ಷ ಭೂಸೇನೆ, ಕಪ್ಪು ಜನಾಂಗದ ಆಲಿಸ್ ಹೆಂಡರ್ಸನ್ ಅವರನ್ನು ತೆಗೆದುಕೊಂಡಿತು. ಸ್ಟ್ಯಾಂಟನ್ ಅಂಜಿದ್ದ ಮೇಲ್ಪಂಕ್ತಿ ಬರಲು 109 ವರ್ಷ ಹಿಡಿದಿತ್ತು. ಎಲ್ಲಾ ಅವರಿಗೆ ಕ್ಯಾಪ್ಟನ್ ದರ್ಜೆ ಸಿಕ್ಕಿದ್ದು 2002ರಲ್ಲಿ.