ಚಾಪೆಯ ಕೆಳಗೆ, ರಂಗೋಲಿಯ ಕೆಳಗೆ

ಏಪ್ರಿಲ್ ಬಂತೆಂದರೆ ನಮ್ಮ ಕೂಟದ ಊಟದ ಪಂಕ್ತಿಯಲ್ಲಿ ಯುಗಾದಿಯ ಒಬ್ಬಟ್ಟಿಗಿಂತ ಟ್ಯಾಕ್ಸಿನದೇ ಹೆಚ್ಚು ಮಾತು. "ಈ ಸಲ ಎಷ್ಟು ಉಳಿಸಿದಿರಿ?" ಎಂದು ಒಬ್ಬರು ಕೇಳಿದರೆ, "ಉಳಿಸಿದೆ, ಆದರೆ ಕಾನೂನು ಮೀರಿಲ್ಲಪ್ಪ" ಎಂದು ಇನ್ನೊಬ್ಬರು. ಕಾನೂನು ಮೀರದಿದ್ದರೆ ಸಾಕೆ, ಅದರಲ್ಲಿ ಧರ್ಮ ಅಧರ್ಮದ ಪ್ರಶ್ನೆಯೇ ಇಲ್ಲವೆ? ಇತಿಹಾಸದಲ್ಲಿ ಇದು ಹಳೆಯ ಜಗಳ. ಅದರ ಒಂದು ತುಣುಕು ನಮ್ಮ ಸೀಕಾಕಸ್‌ನಲ್ಲೇ ಇದೆ.

ಒಂದು ಕಾಲಕ್ಕೆ ಈ ಊರು ಹಂದಿ ಸಾಕಣೆಗೆ ಹೆಸರಾಗಿತ್ತು. (ಇಲ್ಲಿನ ಹಂದಿ ಸಾಕುವವರೊಬ್ಬರು, ಹೆನ್ರಿ ಕ್ರಾಯೆವ್ಸ್ಕಿ, 1952ರಲ್ಲಿ 'ಬಡವರ ಪಕ್ಷ'ದಿಂದ ಅಮೆರಿಕದ ಅಧ್ಯಕ್ಷ ಪದವಿಗೇ ನಿಂತಿದ್ದರು!) ಟರ್ನ್‌ಪೈಕ್ ಬಂದು ಹಂದಿಗಳು ಹೋದವು, ಆಮೇಲೆ ಗೋದಾಮುಗಳು, ಅವುಗಳ ಬೆನ್ನಿಗೇ ಔಟ್‌ಲೆಟ್ ಅಂಗಡಿಗಳು ಬಂದವು. ನ್ಯೂಜೆರ್ಸಿ 1966ರಲ್ಲಿ ಮಾರಾಟ ತೆರಿಗೆ ಹಾಕಿದಾಗ ಬಟ್ಟೆಯನ್ನು ಬಿಟ್ಟುಬಿಟ್ಟಿತ್ತು. ನದಿಯಾಚೆ ನ್ಯೂಯಾರ್ಕಿನಲ್ಲಿ ಅಂಗಿಗೂ ತೆರಿಗೆ. ಹೀಗಾಗಿ ಶನಿವಾರ ಬಂದರೆ ಮ್ಯಾನ್‌ಹಟನ್ ಜನ ಲಿಂಕನ್ ಟನೆಲ್ ದಾಟಿ ಇಲ್ಲಿಗೆ ಬರುತ್ತಿದ್ದರು. 2000ದ ಮಾರ್ಚ್ 1ರಿಂದ ನ್ಯೂಯಾರ್ಕ್ ಕೂಡ 110 ಡಾಲರ್‌ಗಿಂತ ಕಡಿಮೆ ಬೆಲೆಯ ಬಟ್ಟೆಗೆ ವಿನಾಯಿತಿ ಕೊಟ್ಟಿತು, ನಡುವೆ ಕೆಲವು ವರ್ಷ ಕಿತ್ತುಕೊಂಡಿತು, ಮತ್ತೆ ಕೊಟ್ಟಿತು.

ಈ ಖರೀದಿಯಲ್ಲಿ ತಪ್ಪೇನು ಎಂದರೆ, ಕೊಳ್ಳುವುದರಲ್ಲಿ ಏನೂ ಇಲ್ಲ. ಆದರೆ ನ್ಯೂಯಾರ್ಕ್ ನಿವಾಸಿ ಅಂಥ ತೆರಿಗೆಯುಳ್ಳ ಕೋಟನ್ನು ಇಲ್ಲಿ ಕೊಂಡು ಮನೆಗೆ ಒಯ್ದರೆ, ಅಲ್ಲಿ 'ಯೂಸ್ ಟ್ಯಾಕ್ಸ್' ಎಂಬುದನ್ನು ತಾನೇ ಲೆಕ್ಕ ಹಾಕಿ ಕಟ್ಟಬೇಕು. ಅವರ ಆದಾಯ ತೆರಿಗೆಯ ಫಾರಂನಲ್ಲಿ ಅದಕ್ಕೆಂದೇ ಒಂದು ಸಾಲು ಇದೆ. ಅಂದರೆ 'ಕಾನೂನಿನ ಒಳಗೇ ಉಳಿಸಿದೆ' ಎಂದುಕೊಂಡವರು ಎಷ್ಟೋ ಸಲ ಒಳಗಿರಲೇ ಇಲ್ಲ!

ಇನ್ನು ನಿಜಕ್ಕೂ ಕಾನೂನಿನ ಅಕ್ಷರ ಮುಟ್ಟದೆ ಜಾರಿಕೊಂಡವರ ಕಥೆ. ಎವೆಲಿನ್ ಗ್ರೆಗೊರಿ ಎಂಬ ಮಹಿಳೆಗೆ ಒಂದು ಕಂಪನಿ ಇತ್ತು. ಅದರ ಕೈಯಲ್ಲಿ ಇನ್ನೊಂದು ಕಂಪನಿಯ 1000 ಷೇರುಗಳು. ಅವನ್ನು ನೇರವಾಗಿ ತನ್ನ ಕೈಗೆ ತೆಗೆದುಕೊಂಡರೆ ಡಿವಿಡೆಂಡ್ ಎಂದು ಹೆಚ್ಚು ತೆರಿಗೆ ಬೀಳುತ್ತಿತ್ತು. ಅದಕ್ಕೆ ಆಕೆ 1928ರ ಸೆಪ್ಟೆಂಬರ್ 18ರಂದು ಅವೆರಿಲ್ ಎಂಬ ಹೊಸ ಕಂಪನಿ ಹುಟ್ಟುಹಾಕಿ, ಷೇರುಗಳನ್ನು ಅದಕ್ಕೆ ಸಾಗಿಸಿ, 24ನೇ ತಾರೀಕಿಗೆ ಅದನ್ನು ಮುಚ್ಚಿ, ಷೇರುಗಳನ್ನು ತಾನು ಪಡೆದು 1,33,333 ಡಾಲರಿಗೆ ಮಾರಿದರು. ಆ ಕಂಪನಿಯ ಆಯುಷ್ಯ ಆರು ದಿನ. ನಾಮಕರಣಕ್ಕೂ ಸಾಲದು! ಆದರೂ ಕಾಗದ ಪತ್ರವೆಲ್ಲ ಸರಿಯಾಗಿಯೇ ಇತ್ತು.

1934ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಲರ್ನೆಡ್ ಹ್ಯಾಂಡ್ ತೀರ್ಪು ಬರೆದರು. ಯಾರಾದರೂ ತೆರಿಗೆ ಕಡಿಮೆ ಬರುವಂತೆ ತಮ್ಮ ವ್ಯವಹಾರ ಹೊಂದಿಸಿಕೊಳ್ಳಬಹುದು, ಹೆಚ್ಚು ಕಟ್ಟುವುದು ದೇಶಭಕ್ತಿಯೇನಲ್ಲ ಎಂಬರ್ಥದ ಮಾತು ಅದರಲ್ಲಿದೆ. ಲೆಕ್ಕಪತ್ರದವರು ಇಂದಿಗೂ ಅದನ್ನು ಮಂತ್ರದಂತೆ ಹೇಳುತ್ತಾರೆ. ಅದೇ ತೀರ್ಪಿನಲ್ಲಿ ಆಕೆ ಸೋತರು ಎಂಬುದನ್ನು ಮಾತ್ರ ಹೇಳುವುದಿಲ್ಲ. 1935ರ ಜನವರಿ 7ರಂದು ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು: ತೆರಿಗೆ ತಪ್ಪಿಸುವುದರ ಹೊರತು ಬೇರೆ ಯಾವ ಉದ್ಯೋಗವೂ ಇಲ್ಲದ ಕಂಪನಿ ಬರೀ ವೇಷ.

ಊರ ಕಡೆಯೂ ಇದೇ ವಾದ ನಡೆದಿದೆ. ವಿಠ್ಠಲ ಮಲ್ಯರು ಕಟ್ಟಿದ ಗುಂಪಿಗೆ ಸೇರಿದ್ದ ಮದ್ಯದ ಕಂಪನಿ ಮೆಕ್‌ಡೊವೆಲ್, ಕೊಳ್ಳುವವರೇ ಅಬಕಾರಿ ಸುಂಕವನ್ನು ನೇರವಾಗಿ ಕಟ್ಟುವಂತೆ ಮಾಡಿ, ಆ ಹಣ ತನ್ನ ವಹಿವಾಟಿನ ಲೆಕ್ಕಕ್ಕೆ ಸೇರದು, ಅದಕ್ಕೆ ಮಾರಾಟ ತೆರಿಗೆ ಇಲ್ಲ ಎಂದು ವಾದಿಸಿತ್ತು. 1985ರಲ್ಲಿ ಭಾರತದ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು (ಮುಂದೆ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದವರು) ಪ್ರತ್ಯೇಕವಾಗಿ ಬರೆದು, ಜಾಣರು ತಪ್ಪಿಸಿಕೊಂಡ ಹೊರೆ ಅಮಾಯಕರ ಹೆಗಲಿಗೆ ಬೀಳುತ್ತದೆ ಎಂಬುದನ್ನು ನೈತಿಕ ಪ್ರಶ್ನೆಯಾಗಿಯೇ ಎತ್ತಿದರು. ಆದರೆ 2003ರಲ್ಲಿ ಮಾರಿಷಸ್ ಒಪ್ಪಂದದ ಮೊಕದ್ದಮೆಯಲ್ಲಿ ಅದೇ ಕೋರ್ಟು ಜಾಣರ ಕಡೆಗೆ ವಾಲಿತು. ನನ್ನ ಮನಸ್ಸು ಚಿನ್ನಪ್ಪ ರೆಡ್ಡಿಯವರ ಕಡೆಗೇ.

ಹಾಗೆಂದು 401(ಕೆ)ಗೆ ಹಣ ಹಾಕುವುದು ಪಾಪವೆ? ಅಲ್ಲ, ಮುಪ್ಪಿಗೆ ಉಳಿಸಲಿ ಎಂದು ಸರ್ಕಾರವೇ ಕರೆದು ಕೊಟ್ಟ ರಿಯಾಯಿತಿ ಅದು. ಬೆಂಗಳೂರಿನ ಬ್ಯಾಂಕಿನ ಎನ್‌ಆರ್‌ಇ ಠೇವಣಿಯ ಮಾತು ಬೇರೆ. ಅದರ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲ, ನಿಜ. ಆದರೆ ಅಮೆರಿಕದ ನಿವಾಸಿಯಾಗಿ ತೆರಿಗೆ ಕಟ್ಟುವವರು ಇಲ್ಲಿ ಅದನ್ನು ತೋರಿಸಲೇಬೇಕು. 'ಅಲ್ಲಿ ಮಾಫಿ, ಇಲ್ಲಿ ಯಾರಿಗೂ ಗೊತ್ತಿಲ್ಲ' ಎಂಬುದು ಜಾಣತನವಲ್ಲ, ಕಳ್ಳತನ.

"ಗ್ರೀನ್ ಕಾರ್ಡಿನವರಿಗೆ ಓಟಿಲ್ಲ, ತೆರಿಗೆ ಮಾತ್ರ ಪೂರ್ತಿ" ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸಣ್ಣದಲ್ಲ. ಓಟಿಲ್ಲದೆ ಕಂದಾಯ ಕಟ್ಟುವ ನೋವು ಬಲ್ಲ ಹಿರಿಯರು ನಮ್ಮಲ್ಲೇ ಇದ್ದರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ, 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೆ ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆಗೆ ಇಳಿದರು. ಅವರು ಚಾಪೆಯ ಕೆಳಗೂ ತೂರಲಿಲ್ಲ, ರಂಗೋಲಿಯ ಕೆಳಗೂ ತೂರಲಿಲ್ಲ. ಕೊಡುವುದಿಲ್ಲ ಎಂದು ಸರ್ಕಾರದ ಮುಖಕ್ಕೇ ಹೇಳಿದರು. ಕಾನೂನು ಮುರಿದವರು ಅವರೇ, ಅದರ ಬೆಲೆ ತೆತ್ತವರೂ ಅವರೇ. ಜಮೀನು ಜಪ್ತಿಯಾಯಿತು, ಪಾತ್ರೆ ಪಗಡೆ ಹರಾಜಿಗೆ ಹೋಯಿತು, ಗಂಡಸರು ಜೈಲಿಗೆ ಹೋದರು. ಸಿದ್ದಾಪುರದ ಕಡೆಯ ಹೆಂಗಸರು ಹರಾಜಿನಲ್ಲಿ ಕೊಂಡವರ ಮನೆ ಬಾಗಿಲಲ್ಲೇ ಸತ್ಯಾಗ್ರಹಕ್ಕೆ ಕೂತರು.

ಎವೆಲಿನ್ ಗ್ರೆಗೊರಿಗೆ ಓಟೂ ಇತ್ತು, ವಕೀಲರೂ ಇದ್ದರು, ಕಳೆದುಕೊಳ್ಳಲು ಒಂದಿಷ್ಟು ಡಾಲರು ಬಿಟ್ಟರೆ ಏನೂ ಇರಲಿಲ್ಲ. ಸಿದ್ದಾಪುರದ ಅಡಕೆ ತೋಟದವರಿಗೆ ಇದ್ದದ್ದು ಆ ತೋಟ ಒಂದೇ. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸುವ ಕೆಲಸ ನಡೆಯಿತು. ಜೋಗಕ್ಕೆ ಹೋಗುವವರು ಹತ್ತಿರದ ಮಾವಿನಗುಂಡಿಯಲ್ಲಿ ಕಾರು ನಿಲ್ಲಿಸಿದರೆ ಆ ಹೆಂಗಸರ ಸ್ಮಾರಕವನ್ನು ನೋಡಬಹುದು.