ಬದಲಾಗುತ್ತಿರುವ ಕಾಲದಲ್ಲಿ ಕುಟುಂಬ: ತಿತಿಮತಿಯ ನೆರೆಹೊರೆಯಲ್ಲಿ ಸರ್ವಧರ್ಮ ಸಂವಾದ

ಹುಣಸೂರು ದಾಟಿ ಗೋಣಿಕೊಪ್ಪಕ್ಕೆ ಹೋಗುವ ದಾರಿಯಲ್ಲಿ, ನಾಗರಹೊಳೆ ಕಾಡಿನ ಅಂಚಿಗೆ ಸಿಗುವ ಊರು ತಿತಿಮತಿ. ಕೊಡವರು, ಮುಸ್ಲಿಮರು, ಕ್ರೈಸ್ತರು, ಜೇನು ಕುರುಬರು, ಯರವರು ನೆರೆಹೊರೆಯಲ್ಲಿ ಬಾಳುವ ಸೀಮೆಯಿದು. ಕೊಡಗು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದರೂ ಅಲ್ಲಿನ ಎಷ್ಟೋ ಕ್ರೈಸ್ತ ಕುಟುಂಬಗಳ ಬೇರು ನಮ್ಮ ಕರಾವಳಿಯಲ್ಲಿದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಅರಸರು ವಿರಾಜಪೇಟೆಯಲ್ಲಿ ನೆಲೆ ಕೊಟ್ಟರು. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯದ ಇತಿಹಾಸ 1792ರಿಂದ ಆರಂಭವಾಗುತ್ತದೆ. ಅನ್ಯಧರ್ಮದ ಅರಸರ ಔದಾರ್ಯದಿಂದ ನೆಲೆ ಕಂಡ ಸಭೆಗೆ ಸಂವಾದ ಹೊಸ ಪಾಠವೇನಲ್ಲ.

ಧರ್ಮಸಭೆಯ ಬೋಧನೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ 'ನೋಸ್ತ್ರಾ ಎತಾತೆ' ಘೋಷಣೆ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಸಾರಿತು. 1991ರ 'ಸಂವಾದ ಮತ್ತು ಘೋಷಣೆ' ದಾಖಲೆ ಸಂವಾದದ ನಾಲ್ಕು ರೂಪಗಳನ್ನು ಹೇಳುತ್ತದೆ: ಬದುಕಿನ ಸಂವಾದ, ಕಾರ್ಯದ ಸಂವಾದ, ದೈವಶಾಸ್ತ್ರೀಯ ವಿನಿಮಯ, ಧಾರ್ಮಿಕ ಅನುಭವದ ಹಂಚಿಕೆ. ಕುಟುಂಬಗಳ ಪಾಲಿಗೆ ಮೊದಲಿನ ಎರಡೇ ಮುಖ್ಯ. ನೆರೆಮನೆಯ ಹೆರಿಗೆ, ಮದುವೆ, ಸಾವಿನಲ್ಲಿ ಜೊತೆಗಿರುವುದು ಬದುಕಿನ ಸಂವಾದ. ಕುಡಿತದಿಂದ ಒಡೆಯುತ್ತಿರುವ ಮನೆಯನ್ನು ಕೂಡಿ ಉಳಿಸುವುದು ಕಾರ್ಯದ ಸಂವಾದ.

ನಮ್ಮಲ್ಲಿ ಒಂದಾಗಿರುವುದು

ಕೊಡವರಿಗೆ ಒಕ್ಕವೇ ಕುಟುಂಬ, ಐನ್‌ಮನೆಯೇ ಅದರ ಕೇಂದ್ರ. ಪುತ್ತರಿಯಂದು ಕದಿರು ತೆಗೆದು, ಗುರುಕಾರೋಣರನ್ನು ನೆನೆದು, ಹೊಸ ಅಕ್ಕಿಯ ಊಟ ಮಾಡುತ್ತಾರೆ. ನಾವು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುತ್ತೇವೆ. ದೂರದಲ್ಲಿರುವ ಮಕ್ಕಳಿಗೂ ಭತ್ತದ ಕಾಳು ಕಳುಹಿಸುತ್ತೇವೆ. ಮುಸ್ಲಿಂ ಬಾಂಧವರಿಗೆ ತಂದೆತಾಯಿಯ ಸೇವೆ ದೇವರ ಆಜ್ಞೆ. ನಂಬಿಕೆ ಬೇರೆಯಾದರೂ ಎಲ್ಲ ಮನೆಗಳನ್ನು ಕಾಡುವ ಚಿಂತೆ ಇಂದು ಒಂದೇ: ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋಗಿ, ತೋಟದ ಮನೆಯಲ್ಲಿ ವೃದ್ಧರು ಇಬ್ಬರೇ ಉಳಿದಿದ್ದಾರೆ.

ಮಿಶ್ರವಿವಾಹ

ಭಿನ್ನತೆಯನ್ನು ಮುಚ್ಚಿಟ್ಟರೆ ಸಂವಾದ ಆಗುವುದಿಲ್ಲ. ದೀಕ್ಷಾಸ್ನಾನ ಪಡೆಯದವರೊಡನೆ ಕಥೋಲಿಕರು ವಿವಾಹವಾಗಲು ಧರ್ಮಸಭೆಯ ಕಾನೂನಿನಂತೆ (ನಿಯಮ 1086) ಬಿಷಪರ ವಿನಾಯಿತಿ ಬೇಕು. ತಮ್ಮ ವಿಶ್ವಾಸವನ್ನು ಉಳಿಸಿಕೊಂಡು, ಮಕ್ಕಳನ್ನು ಅದರಲ್ಲಿ ಬೆಳೆಸಲು ಕೈಲಾದುದನ್ನು ಮಾಡುವುದಾಗಿ ಕಥೋಲಿಕ ಸಂಗಾತಿ ಮಾತು ಕೊಡಬೇಕು. ಇನ್ನೊಬ್ಬರಿಗೆ ಇದನ್ನು ತಿಳಿಸಬೇಕು. ಆದರೆ ಅವರು ಮತಾಂತರವಾಗಬೇಕೆಂಬ ಷರತ್ತಿಲ್ಲ. ಇಂತಹ ಮನೆಗಳು ಸಂವಾದಕ್ಕೆ ವಿಶೇಷ ಸ್ಥಳ ಎಂದು ಪೋಪ್ ಫ್ರಾನ್ಸಿಸರು 2016ರ 'ಅಮೋರಿಸ್ ಲೆತೀತಿಯಾ'ದಲ್ಲಿ ಬರೆದಿದ್ದಾರೆ. ಮಗಳು ಅನ್ಯಧರ್ಮದವರನ್ನು ಮದುವೆಯಾದಳೆಂದು ಅವಳಿಗೆ ಮನೆಯ ಬಾಗಿಲು ಮುಚ್ಚಿ, ಸಭೆಯಲ್ಲಿ ಕುಟುಂಬ ಮೌಲ್ಯದ ಬಗ್ಗೆ ಮಾತನಾಡುವುದು ನಮಗೆ ಶೋಭಿಸದು.

ಸೂರಿಲ್ಲದ ಕುಟುಂಬ

ಇನ್ನೊಂದು ಕಹಿ ಸತ್ಯವಿದೆ. 2016ರ ಡಿಸೆಂಬರಿನಲ್ಲಿ ದಕ್ಷಿಣ ಕೊಡಗಿನ ಮಾಲ್ದಾರೆ ಬಳಿಯ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಲಾಯಿತು. ಮುಂದೆ ಹೋರಾಟದ ಬಳಿಕ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ತೋಟದ ಲೈನ್‌ಮನೆಯಲ್ಲಿ ಇಂದಿಗೂ ಸ್ವಂತ ಸೂರಿಲ್ಲದೆ ಬಾಳುವವರಿದ್ದಾರೆ. ಐನ್‌ಮನೆ, ತರವಾಡು, ಗೃಹಸಭೆ ಎಂದು ನಾವೆಲ್ಲ ಹೆಮ್ಮೆಪಡುವಾಗ, ನಮ್ಮ ತೋಟದಲ್ಲೇ ದುಡಿಯುವವರಿಗೆ ಮನೆಯಿದೆಯೇ ಎಂಬ ಪ್ರಶ್ನೆಯನ್ನು ಸಂವಾದದ ಮೇಜಿನ ಮೇಲಿಡಬೇಕು.

ಧರ್ಮಕೇಂದ್ರಗಳಲ್ಲಿ ಏನು ಮಾಡಬಹುದು?

ವೇದಿಕೆ, ಹಾರ, ದೀಪಕ್ಕಿಂತ ಮೊದಲು ಗುರಿಕಾರರು ವಾರ್ಡಿನಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಲಿ, ಯಾವ ಧರ್ಮದವರೆಂದು ಕೇಳದೆ. ಮದುವೆ ಸಿದ್ಧತಾ ಶಿಬಿರದಲ್ಲಿ ಮಿಶ್ರವಿವಾಹಿತ ದಂಪತಿಯ ಅನುಭವಕ್ಕೂ ಸಮಯವಿರಲಿ. ಹಾಡಿಯ ಹಿರಿಯರನ್ನು ಕೇಳುಗರನ್ನಾಗಿ ಅಲ್ಲ, ಮಾತನಾಡುವವರನ್ನಾಗಿ ಕರೆಯೋಣ. ಅವರ ಮಾತು ನಮಗೆ ಹಿತವಾಗದಿದ್ದರೂ ಕೇಳಿಸಿಕೊಳ್ಳೋಣ. ಸಂವಾದದ ಅರ್ಧ ಪಾಲು ಅದೇ.