ಹಾಜರಿ ಪುಸ್ತಕದಿಂದ ಪಠ್ಯಪುಸ್ತಕಕ್ಕೆ

ಅಪರಾಧಶಾಸ್ತ್ರವನ್ನೂ ಕಾನೂನನ್ನೂ ಪದವಿ ಹಂತದಲ್ಲೇ ಜೊತೆಯಾಗಿ ಓದುವುದೆಂದರೆ ಮೂಗು ಮುರಿಯುವವರಿದ್ದಾರೆ. ಇವೆರಡೂ ನಮ್ಮಲ್ಲಿ ಬೇರೆಬೇರೆ ಮನೆಗಳಲ್ಲಿ ಬೆಳೆದದ್ದರಿಂದ ಯಾರಿಗೆ ಏನು ನಷ್ಟವಾಯಿತು ಎಂಬ ಲೆಕ್ಕವನ್ನು ಮಾತ್ರ ಅವರು ತೆಗೆಯುವುದಿಲ್ಲ. ಆ ಲೆಕ್ಕ 1871ರಿಂದ ಶುರುವಾಗುತ್ತದೆ. ಆ ವರ್ಷದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪ್ರಕಾರ ಸರ್ಕಾರ ಒಂದು ಪಂಗಡವನ್ನು ಪಟ್ಟಿಗೆ ಸೇರಿಸಿತೆಂದರೆ ಮುಗಿಯಿತು: ಅದರಲ್ಲಿ ಹುಟ್ಟಿದವರು ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಪರವಾನಗಿ ಇಲ್ಲದೆ ಗಡಿ ದಾಟಬಾರದು. ಆ ಅಧಿಸೂಚನೆ ಸರಿಯೇ ಎಂದು ಯಾವ ನ್ಯಾಯಾಲಯವೂ ಕೇಳುವಂತಿರಲಿಲ್ಲ. ಅಪರಾಧಿಯ ಗುರುತು ಮೈಕಟ್ಟಿನಲ್ಲೇ ಇರುತ್ತದೆಂದು ಇಟಲಿಯ ಲೊಂಬ್ರೋಸೊ ಪುಸ್ತಕ ಬರೆದದ್ದು 1876ರಲ್ಲಿ. ಹುಟ್ಟಿನಲ್ಲೇ ಅಪರಾಧ ಕಾಣುವ ಬುದ್ಧಿ ನಮ್ಮಲ್ಲಿ ಅದಕ್ಕೂ ಐದು ವರ್ಷ ಮೊದಲೇ ಕಾಯ್ದೆಯಾಗಿ ಕೂತಿತ್ತು. ಆಗ ವೈಸರಾಯ್ ಮಂಡಳಿಯ ಕಾನೂನು ಸದಸ್ಯ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಪ್ರತಿಯೊಂದು ಸಂಗತಿಗೂ ಪುರಾವೆ ಬೇಡುವ 1872ರ ಸಾಕ್ಷ್ಯ ಕಾಯ್ದೆಯನ್ನು ರಚಿಸಿದವನೂ ಈತನೇ. ಒಬ್ಬನ ಮೇಲಿನ ಆರೋಪಕ್ಕೆ ಸಾಕ್ಷಿ ಬೇಕು, ಒಂದು ಇಡೀ ಕುಲದ ಮೇಲಿನದಕ್ಕೆ ಬೇಡ!

ಈ ಕಾಯ್ದೆಯ ನೆರಳು ನಮ್ಮ ನೆಲದ ಮೇಲೂ ಬಿತ್ತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪಟ್ಟಿಯಲ್ಲಿದ್ದ ಪಂಗಡಗಳನ್ನು ಕೂಡಿಹಾಕುವ ಸೆಟ್ಲಮೆಂಟುಗಳು ಎದ್ದವು. ಸುಧಾರಣೆಯ ಹೆಸರಿನಲ್ಲಿ ಅಲ್ಲಿ ಶಾಲೆಯೂ ಇತ್ತು, ಗಿರಣಿಯ ಕೂಲಿಯೂ ಇತ್ತು, ಹಾಜರಿಯೂ ಇತ್ತು. ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಹುಬ್ಬಳ್ಳಿಯವರ ಬಾಯಲ್ಲಿ ಆ ಬಡಾವಣೆ ಇನ್ನೂ ಸೆಟ್ಲಮೆಂಟೇ. ಅಪರಾಧದ ಬಗೆಗಿನ ಅರಿವು ಹೀಗೆ ನಮ್ಮಲ್ಲಿ ಹುಟ್ಟಿದ್ದು ಠಾಣೆಯ ದಫ್ತರದಲ್ಲಿ, ಆಡಳಿತದ ಅನುಕೂಲಕ್ಕಾಗಿ. ವಕೀಲಿ ಓದುವವನಿಗೆ ಅದರ ಗೊಡವೆ ಇರಲಿಲ್ಲ. ಆತ ಬೇರೊಂದು ಪದವಿ ಮುಗಿಸಿ ಬಂದು ಸೆಕ್ಷನ್ನುಗಳನ್ನು ಬಾಯಿಪಾಠ ಮಾಡಿದರೆ ಸಾಕಿತ್ತು.

ಸ್ವಾತಂತ್ರ್ಯದ ನಂತರವೂ ಈ ಗೋಡೆ ಬೇಗ ಬೀಳಲಿಲ್ಲ. 1959ರಲ್ಲಿ ಕೇಂಬ್ರಿಜ್‌ನಲ್ಲಿ ರಾಡ್ಜಿನೋವಿಚ್ ಕಟ್ಟಿದ ಅಪರಾಧಶಾಸ್ತ್ರ ಸಂಸ್ಥೆ ಅಲ್ಲಿನ ಕಾನೂನು ನಿಕಾಯದೊಳಗೇ ನೆಲೆ ಕಂಡಿತು. ಅದೇ ವರ್ಷ ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯದಲ್ಲಿ ಶುರುವಾದ ವಿಭಾಗವಾದರೋ ವಿಧಿವಿಜ್ಞಾನದ ಕೈ ಹಿಡಿಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಜೋಡಿ ಅದೇ. ಬೆರಳಚ್ಚು, ರಕ್ತದ ಕಲೆಗಳ ಜೊತೆ ಅಪರಾಧಶಾಸ್ತ್ರವನ್ನು ಬಿ.ಎ. ವಿದ್ಯಾರ್ಥಿಗೂ ಕಲಿಸಿದ ಊರು ಅದು. ಹುಬ್ಬಳ್ಳಿಯ ಸೆಟ್ಲಮೆಂಟು ಅಲ್ಲಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರ. ಪಿಯುಸಿ ಮುಗಿಸಿದವರು ನೇರವಾಗಿ ಐದು ವರ್ಷ ಕಾನೂನು ಓದುವ ಪದ್ಧತಿಗೆ ವಕೀಲರ ಪರಿಷತ್ತು 1982ರಲ್ಲಿ ಮನಸ್ಸು ಮಾಡಿತು. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಮಾಧವ ಮೆನನ್ ಅವರ ಮುಂದಾಳತ್ವದಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು. ಸಮಾಜಶಾಸ್ತ್ರ, ಇತಿಹಾಸಗಳು ಸೆಕ್ಷನ್ನುಗಳ ಪಕ್ಕದಲ್ಲಿ ಕೂತದ್ದು ಆಗ.

ವಕೀಲನಿಗೆ ಇದೆಲ್ಲ ಯಾಕೆ, ಅಪರಾಧ ನಡೆದಿದೆಯೋ ಇಲ್ಲವೋ ಅಷ್ಟೇ ತಾನೆ ಪ್ರಶ್ನೆ ಎನ್ನಬಹುದು. ತಪ್ಪಿತಸ್ಥನೆಂದು ತೀರ್ಮಾನವಾಗುವವರೆಗೆ ಈ ಮಾತು ಒಪ್ಪತಕ್ಕದ್ದೇ. ಆಮೇಲೆ ಕಾನೂನೇ ಮನುಷ್ಯನನ್ನು ವಿಚಾರಿಸುತ್ತದೆ. 1958ರ ಪರಿವೀಕ್ಷಣಾ ಕಾಯ್ದೆ ಅಪರಾಧಿಯ ನಡತೆಯನ್ನು ನೋಡು ಎಂದಿತು. 1973ರ ದಂಡಪ್ರಕ್ರಿಯಾ ಸಂಹಿತೆ ಶಿಕ್ಷೆಯ ಪ್ರಮಾಣಕ್ಕೆ ಪ್ರತ್ಯೇಕ ವಿಚಾರಣೆ ಇಟ್ಟಿತು. ಮರಣದಂಡನೆಯ ಕುರಿತ ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪು ಅಪರಾಧದ ಜೊತೆಗೆ ಅಪರಾಧಿಯನ್ನೂ ತೂಗಬೇಕೆಂದಿತು. ತೂಗುವ ವಿದ್ಯೆ ತಿಳಿಯದ ವಕೀಲ ಆ ಹೊತ್ತಿಗೆ ಕಕ್ಷಿದಾರನ ಬಡತನ, ಮುದಿ ತಾಯಿ ಎಂದು ನಾಲ್ಕು ಸವಕಲು ಮಾತಾಡಿ ಕೂರುತ್ತಾನೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹುಟ್ಟುಗಳ್ಳ ಎಂಬ ಕಲ್ಪನೆಗೆ ಶಾಸ್ತ್ರದ ಮುದ್ರೆ ಒತ್ತಿದ್ದೇ ಅಪರಾಧಶಾಸ್ತ್ರವಲ್ಲವೇ, ಹದಿನೆಂಟರ ಹುಡುಗರ ಕೈಗೆ ಅದನ್ನೇಕೆ ಕೊಡಬೇಕು? ಹೌದು, ಒಂಟಿಯಾಗಿ ಕೊಡಬಾರದು. ಪುರಾವೆ ಕೇಳುವ ಚಾಳಿ ಕಾನೂನಿನದು. ಪಟ್ಟಿಯಲ್ಲಿ ಈ ಹೆಸರುಗಳೇ ಯಾಕಿವೆ ಎಂದು ಕೇಳುವುದು ಇಂದಿನ ಅಪರಾಧಶಾಸ್ತ್ರದ ಕೆಲಸ. ಬುಡಕಟ್ಟು ಕಾಯ್ದೆ ಹೋದರೂ ರೂಢಿಗತ ಅಪರಾಧಿಗಳ ಕಾನೂನುಗಳು ಬಂದವು, ಕರ್ನಾಟಕದ್ದು 1961ರದು. ಹಳೆಯ ಪಟ್ಟಿಯಿಂದ ಬಿಡುಗಡೆಯಾದ ವಿಮುಕ್ತ ಪಂಗಡಗಳನ್ನು ರೂಢಿಗತ ಅಪರಾಧಿಗಳೆಂದು ಕಾಣುವ ಕಾರಾಗೃಹ ಕೈಪಿಡಿಗಳ ನಿಯಮಗಳನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಅಕ್ಟೋಬರಿನಲ್ಲಿ, ಮೂಲ ಕಾಯ್ದೆ ರದ್ದಾಗಿ ಎಪ್ಪತ್ತೆರಡು ವರ್ಷಗಳ ಮೇಲೆ.